ಮಗುವಿನ ನರಳಾಟ ಕಲಿಸಿದ ಪಾಠ

ಬಲೂನ್ ಊದುವಾಗ ಒಂದು ವಿಷಯ ಗಮನಿಸಿದ್ದೀರಾ? ಮೊದಲ ಸಲ ಊದೋದು ತುಂಬಾ ಕಷ್ಟ, ಕೆನ್ನೆ ನೋಯುತ್ತೆ. ಸ್ವಲ್ಪ ಉಬ್ಬಿತು ಅಂದರೆ ಆಮೇಲೆ ಸಲೀಸು. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಶ್ವಾಸಕೋಶದ ಕಥೆಯೂ ಇದೇ. ಅದರೊಳಗಿನ ಪುಟ್ಟ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ತಡೆಯುವ ಪದಾರ್ಥ ಇನ್ನೂ ಸಾಕಷ್ಟು ತಯಾರಾಗಿರೋದಿಲ್ಲ. ಹಾಗಾಗಿ ಪ್ರತಿ ಉಸಿರೂ ಹೊಸ ಬಲೂನ್ ಊದಿದ ಹಾಗೆ. ಮಗು ದಣಿದುಬಿಡುತ್ತೆ.

1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿದ. ಬಾಸ್ಟನ್‌ನ ವೈದ್ಯರು ಒತ್ತಡ ಹೆಚ್ಚಿಸಿದ ಆಮ್ಲಜನಕದ ಕೋಣೆಯಲ್ಲಿಟ್ಟು ನೋಡಿದರು. ಉಳಿಯಲಿಲ್ಲ. ಅವನು ಬದುಕಿದ್ದು 39 ಗಂಟೆ.

ಉಸಿರಾಟಕ್ಕೆ ನೆರವಾಗುವ ಯಂತ್ರಗಳು ಆಗ ಇರಲಿಲ್ಲ ಅಂತಲ್ಲ. ಅದೇ ಬಾಸ್ಟನ್‌ನಲ್ಲಿ 1928ರಲ್ಲೇ, ಪೋಲಿಯೋದಿಂದ ಉಸಿರಾಡಲಾರದ ಎಂಟು ವರ್ಷದ ಹುಡುಗಿಯನ್ನು ತಲೆಯೊಂದನ್ನು ಬಿಟ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಯೊಳಗೆ ಮಲಗಿಸಿದ್ದರು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿದಾಗ ರೋಗಿಗಳ ಗಂಟಲಿಗೆ ತೂತು ಮಾಡಿ ಕೊಳವೆ ಹಾಕಿದರು. ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಕೂತು, ಕೈಯಲ್ಲೇ ಚೀಲ ಹಿಸುಕಿ ಗಾಳಿ ಕೊಟ್ಟರು. ಎರಡರ ಹಿಂದೆಯೂ ಇದ್ದದ್ದು ಒಂದೇ ಯೋಚನೆ: ಮಗುವಿನ ಬದಲು ನಾವೇ ಉಸಿರಾಡಿಸೋಣ.

ಯೋಚನೆ ಬದಲಾಗಿದ್ದು ಒಂದು ಸದ್ದಿನಿಂದ. ಉಸಿರಿಗೆ ಒದ್ದಾಡುವ ಶಿಶು ಪ್ರತಿ ಸಲ ಉಸಿರು ಬಿಡುವಾಗ 'ಹ್ಞೂಂ, ಹ್ಞೂಂ' ಅನ್ನುತ್ತೆ. ಕನ್ನಡದಲ್ಲಿ ಇದಕ್ಕೆ ನರಳೋದು, ಮುಲುಕೋದು ಅಂತೀವಿ. ಅದು ಬರೀ ಸಂಕಟದ ಸದ್ದೇ? 1968ರಲ್ಲಿ ದಕ್ಷಿಣ ಆಫ್ರಿಕಾದ ಹ್ಯಾರಿಸನ್ ಮತ್ತು ಜೊತೆಗಾರರು ಒಂದು ವಿಚಿತ್ರ ತೋರಿಸಿದರು. ಗಂಟಲಿಗೆ ಕೊಳವೆ ಹಾಕಿದರೆ ನರಳಾಟ ನಿಲ್ಲುತ್ತಿತ್ತು, ಜೊತೆಗೆ ರಕ್ತದ ಆಮ್ಲಜನಕವೂ ಇಳಿಯುತ್ತಿತ್ತು. ಕೊಳವೆ ತೆಗೆದರೆ ಎರಡೂ ವಾಪಸ್! ಮಗು ಗಂಟಲನ್ನು ಅರ್ಧ ಮುಚ್ಚಿ, ಗಾಳಿಯನ್ನು ಒಳಗೇ ತಡೆದು, ಗಾಳಿಚೀಲಗಳು ಕುಸಿಯದಂತೆ ನೋಡಿಕೊಳ್ಳುತ್ತಿತ್ತು. ನರಳಾಟ ಕಾಯಿಲೆಯ ಗುರುತೂ ಹೌದು, ಮಗು ತಾನೇ ಮಾಡಿಕೊಳ್ಳುತ್ತಿದ್ದ ಚಿಕಿತ್ಸೆಯೂ ಹೌದು.

1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ಅದನ್ನೇ ಅನುಕರಿಸಿದರು. ಉಸಿರಾಡುವ ಕೆಲಸ ಮಗುವಿನದೇ. ಶ್ವಾಸಕೋಶ ಪೂರ್ತಿ ಮುಚ್ಚದಂತೆ ಸದಾ ಸ್ವಲ್ಪ ಒತ್ತಡ ಇಡೋದಷ್ಟೇ ನಮ್ಮದು. ಇದೇ ಸಿಪ್ಯಾಪ್. 20 ಶಿಶುಗಳಲ್ಲಿ 16 ಬದುಕಿದವು. ಹೆಚ್ಚಿನವಕ್ಕೆ ಆಗಲೂ ಗಂಟಲಲ್ಲಿ ಕೊಳವೆ ಇತ್ತು. 1973ರ ಹೊತ್ತಿಗೆ ಮೂಗಿನ ಹೊಳ್ಳೆಗೆ ಇಡುವ ಪುಟ್ಟ ನಳಿಕೆಗಳು ಬಂದವು.

ಒತ್ತಡ ಕೊಡೋಕೆ ದೊಡ್ಡ ಯಂತ್ರವೇ ಬೇಕಿಲ್ಲ. ಉಸಿರು ಹೊರಹೋಗುವ ಕೊಳವೆಯ ತುದಿಯನ್ನು ನೀರಲ್ಲಿ 5 ಸೆಂಟಿಮೀಟರ್ ಮುಳುಗಿಸಿದರೆ ಅಷ್ಟೇ ನೀರಿನ ಒತ್ತಡ ಸಿಗುತ್ತೆ, ಗುಳುಗುಳು ಗುಳ್ಳೆ ಏಳುತ್ತೆ. ಬಾಂಗ್ಲಾದೇಶದ ಡಾ. ಜೋಬಾಯೆರ್ ಚಿಶ್ತಿ ಢಾಕಾದ ಆಸ್ಪತ್ರೆಯಲ್ಲಿ ಇದಕ್ಕೆ ಬಳಸಿದ್ದು ಖಾಲಿ ಶಾಂಪೂ ಬಾಟಲಿ! ತೀವ್ರ ನ್ಯುಮೋನಿಯಾ ಆಗಿದ್ದ ಮಕ್ಕಳ ಮೇಲೆ ನಡೆದ ಆ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮಾಮೂಲಿ ಆಮ್ಲಜನಕ ಪಡೆದ 67 ಮಕ್ಕಳಲ್ಲಿ 10 ಮಂದಿ ತೀರಿಕೊಂಡರು. ಗುಳ್ಳೆಯ ಸಿಪ್ಯಾಪ್ ಪಡೆದ 79 ಮಕ್ಕಳಲ್ಲಿ 3.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. 2019ರಲ್ಲಿ ಮಲಾವಿಯಿಂದ ಬಂದ ಫಲಿತಾಂಶ ತಿರುಗುಮುರುಗು. ಅಲ್ಲಿನ ಜಿಲ್ಲಾ ಆಸ್ಪತ್ರೆಯ ಸಾಮಾನ್ಯ ವಾರ್ಡ್‌ನಲ್ಲಿ, ವೈದ್ಯರ ದಿನನಿತ್ಯದ ಮೇಲ್ವಿಚಾರಣೆ ಇಲ್ಲದೆ ಸಿಪ್ಯಾಪ್ ಕೊಟ್ಟಾಗ 17% ಮಕ್ಕಳು ತೀರಿಕೊಂಡರು. ಮಾಮೂಲಿ ಆಮ್ಲಜನಕದಲ್ಲಿ 11%. ಆ ಮಕ್ಕಳಲ್ಲಿ ಅನೇಕರಿಗೆ ಅಪೌಷ್ಟಿಕತೆಯಂಥ ಬೇರೆ ತೊಂದರೆಗಳೂ ಇದ್ದವು, ನಿಜ. ಆದರೂ ಒಂದು ಮಾತು ಮರೆಯುವಂತಿಲ್ಲ: ಬಾಟಲಿ ಅಗ್ಗ, ಮಗುವಿನ ಪಕ್ಕದಲ್ಲಿ ನಿಂತು ಗಮನಿಸುವ ತಿಳಿದ ಕಣ್ಣು ಅಗ್ಗವಲ್ಲ.

ಈ ಚಿಕಿತ್ಸೆ ಹುಟ್ಟಿದ್ದೇ ಮಗುವಿನ ಸದ್ದಿಗೆ ಯಾರೋ ಕಿವಿಗೊಟ್ಟಿದ್ದರಿಂದ. ಆ ಕಿವಿ ನಿಮಗೂ ಇರಲಿ. ಕೆಮ್ಮು, ಜ್ವರ ಇರುವ ಪುಟ್ಟ ಮಗು ಪ್ರತಿ ಉಸಿರಿಗೂ 'ಹ್ಞೂಂ' ಅನ್ನುತ್ತಿದ್ದರೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ನಿದ್ದೆಗಣ್ಣಲ್ಲಿ ಕನವರಿಸ್ತಿದೆ ಅಂದ್ಕೋಬೇಡಿ. ಬೆಳಗಾಗಲಿ ಅಂತ ಕಾಯಬೇಡಿ. ಯಾವ ದೇಶದಲ್ಲಿದ್ದರೂ ಸರಿ, ತಕ್ಷಣ ಆಸ್ಪತ್ರೆಗೆ ಹೊರಡಿ.