ಒಂದೇ ಗುಳಿಗೆ, ಎರಡು ದೇಹ: ಡೋಸ್ ಲೆಕ್ಕದ ಇತಿಹಾಸ

1/4
ಗೆಳೆಯರೇ, ಈ ಸಲದ ಇತಿಹಾಸ ರಾಜರದ್ದಲ್ಲ, ಗುಳಿಗೆಯದ್ದು. ಸೋಮೇಶ್ವರ ಗುಡಿ ಇನ್ನೊಮ್ಮೆ ನೋಡೋಣ.

ನಮ್ಮ ಬಿಕಾಂ ಮಂದಿಗೆ ಇದು ಲಗೂನ ತಿಳೀತದ. ಡಿಪ್ರಿಸಿಯೇಷನ್ ನೆನಪದ ಅಲ್ಲ? ರಿಟನ್ ಡೌನ್ ವ್ಯಾಲ್ಯೂ ಪದ್ಧತಿಯಲ್ಲಿ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಶೇಕಡಾ ಇಷ್ಟು ಅಂತ ಕಳೀತೀವಿ. ಬಹಳಷ್ಟು ಔಷಧಿಗಳೂ ದೇಹದಿಂದ ಹಂಗೇ ಕಳೀತಾವ.

1937ರಲ್ಲಿ ಸ್ವೀಡನ್ನಿನ ಟೋರ್ಸ್ಟನ್ ಟಿಯೊರೆಲ್ ಇದಕ್ಕೆ ಸಮೀಕರಣ ಬರೆದರು. ರಕ್ತ, ಅಂಗಾಂಶ, ಮೂತ್ರಪಿಂಡ ಹೀಗೆ ದೇಹವನ್ನು ಖಾತೆಗಳಂತೆ ಬೇರೆ ಮಾಡಿ, ಒಂದರಿಂದ ಇನ್ನೊಂದಕ್ಕೆ ಔಷಧಿ ಎಷ್ಟು ಹೋಗ್ತದ ಅಂತ ಲೆಕ್ಕ ಇಟ್ಟರು. ಕಂಪ್ಯೂಟರ್ ಇಲ್ಲದ ಕಾಲ ಅದು.

2/4
ಈಗ ನಮ್ಮ ಕಡೆಗೆ ಬರ್ರಿ. 1952ರಲ್ಲಿ ಕ್ಷಯರೋಗಕ್ಕೆ ಐಸೋನಿಯಾಜಿಡ್ ಅನ್ನೋ ಅಗ್ಗದ ಔಷಧಿ ಸಿಕ್ಕಿತು. 1956ರಲ್ಲಿ ಮದ್ರಾಸಿನಲ್ಲಿ ಟ್ಯೂಬರ್‌ಕ್ಯುಲೋಸಿಸ್ ಕೀಮೋಥೆರಪಿ ಸೆಂಟರ್ ಶುರುವಾಯಿತು. ಬಡ ರೋಗಿಗಳನ್ನು ಮನೆಯಲ್ಲೇ ಇಟ್ಟು ಗುಣಪಡಿಸಬಹುದು ಅಂತ ತೋರಿಸಿದ್ದು ಅದೇ ಕೇಂದ್ರ.

ಅಲ್ಲಿ ಇನ್ನೊಂದು ಸಂಗತಿಯನ್ನೂ ಅಭ್ಯಾಸ ಮಾಡಿದರು. ಕೆಲವರ ಲಿವರ್ ಐಸೋನಿಯಾಜಿಡ್ ಅನ್ನು ಬೇಗ ಮುಗಿಸ್ತದ, ಕೆಲವರದ್ದು ನಿಧಾನ. ಇದು ಹುಟ್ಟಿನಿಂದ ಬಂದ ಗುಣ. ದಕ್ಷಿಣ ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿಧಾನದವರು.

ಲೆಕ್ಕ ಮಾಡಿ ನೋಡ್ರಿ. ಇಬ್ಬರ ದೇಹದೊಳಗೂ 300 ಮಿಲಿಗ್ರಾಂ ಅದ ಅನ್ನೋಣ. ಒಬ್ಬನಲ್ಲಿ ಗಂಟೆಗೊಮ್ಮೆ ಅರ್ಧ ಆಗ್ತದ, ಇನ್ನೊಬ್ಬನಲ್ಲಿ 3 ಗಂಟೆಗೊಮ್ಮೆ. 6 ಗಂಟೆ ಆದಮೇಲೆ ಮೊದಲನೆಯವನಲ್ಲಿ 5 ಮಿಲಿಗ್ರಾಂ ಕೂಡ ಇಲ್ಲ. ಎರಡನೆಯವನಲ್ಲಿ 75!

ಡೋಸ್ ಹೆಚ್ಚಾದಾಗ ನಿಧಾನದವರಿಗೆ ಕೈಕಾಲು ಜೋಮು, ಉರಿ ಬರ್ತಿತ್ತು. ಬಿ6 ವಿಟಮಿನ್ ಅದನ್ನು ತಡೆಯಿತು. ವಾರಕ್ಕೊಮ್ಮೆ ಮಾತ್ರ ಔಷಧಿ ಕೊಟ್ಟಾಗ ಬೇಗ ಮುಗಿಸೋರಿಗೆ ಗುಣ ಕಡಿಮೆ ಬಂತು.

3/4
ಲಿವರ್ ಆಯಿತು, ಇನ್ನು ಕಿಡ್ನಿ. 1976ರಲ್ಲಿ ಕೆನಡಾದ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ 249 ಗಂಡಸರ ಮಾಹಿತಿಯಿಂದ ಒಂದು ಸೂತ್ರ ಕೊಟ್ಟರು. 140ರಲ್ಲಿ ವಯಸ್ಸು ಕಳೆ, ತೂಕದಿಂದ ಗುಣಿಸು, 72 ಗುಣಿಲೆ ರಕ್ತದ ಕ್ರಿಯಾಟಿನಿನ್‌ನಿಂದ ಭಾಗಿಸು. ಹೆಂಗಸರಿಗೆ ಬಂದ ಉತ್ತರವನ್ನು 0.85ರಿಂದ ಗುಣಿಸು.

20 ವರ್ಷದ ಹುಡುಗ, 70 ವರ್ಷದ ಅಜ್ಜ. ಇಬ್ಬರೂ 54 ಕೆಜಿ, ಇಬ್ಬರ ರಿಪೋರ್ಟಿನಲ್ಲೂ ಕ್ರಿಯಾಟಿನಿನ್ 1. ಹುಡುಗನಿಗೆ ನಿಮಿಷಕ್ಕೆ 90 ಮಿಲಿ, ಅಜ್ಜನಿಗೆ 52.5. ರಿಪೋರ್ಟ್ ಒಂದೇ, ಕಿಡ್ನಿ ಶಕ್ತಿ ಒಂದೇ ಅಲ್ಲ. ಕಿಡ್ನಿ ಮೂಲಕ ಹೊರಹೋಗುವ ಎಷ್ಟೋ ಔಷಧಿಗಳ ಡೋಸನ್ನು ಡಾಕ್ಟರು ಇಂಥ ಲೆಕ್ಕ ನೋಡಿಯೇ ಇಳಿಸ್ತಾರ. ಇಂದು ಕಂಪ್ಯೂಟರ್ ಒಳಗೆ ಒಂದೊಂದು ಅಂಗದ ಗಾತ್ರ, ರಕ್ತದ ಹರಿವು ಹಾಕಿ ಇದನ್ನೇ ಇನ್ನೂ ಸೂಕ್ಷ್ಮವಾಗಿ ಮಾಡ್ತಾರ. ಬೇರು ಟಿಯೊರೆಲ್ ಅವರದ್ದೇ.

4/4
ಇದೆಲ್ಲ ನಮ್ಮೂರಿಗೆ ಎಲ್ಲಿ ಬಂತು ಅಂತೀರಾ? 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೂಪುಗೊಂಡದ್ದು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ. ಮುಂದೆ ಬಹಳ ವರ್ಷ ವಾರಕ್ಕೆ 3 ದಿನದ ಚಿಕಿತ್ಸೆ ನಡೀತು. ಆಗ ದೊಡ್ಡವರಿಗೆಲ್ಲ ಹೆಚ್ಚುಕಡಿಮೆ ಒಂದೇ ಡಬ್ಬಿ. 60 ಕೆಜಿ ದಾಟಿದವರಿಗೆ ಮಾತ್ರ ಒಂದು ಔಷಧಿ ಸ್ವಲ್ಪ ಜಾಸ್ತಿ. 2017ರಲ್ಲಿ ದೇಶದ ತುಂಬ ದಿನನಿತ್ಯದ, ತೂಕದ ಮೇಲಿನ ಡೋಸ್ ಬಂತು. ಈಗ 35ರಿಂದ 49 ಕೆಜಿಗೆ ದಿನಕ್ಕೆ 3 ಗುಳಿಗೆ, 50ರಿಂದ 64ಕ್ಕೆ 4.

ಅಂದರೆ ಸರ್ಕಾರಿ ದವಾಖಾನೆಯ ಮೂಲೆಯಲ್ಲಿರುವ ತೂಕದ ಯಂತ್ರವೇ ಬಡವರ ಪಾಲಿಗೆ ಈ ವಿಜ್ಞಾನದ ಮೊದಲ ಮೆಟ್ಟಿಲು. ನಮ್ಮ ಓಣಿಗಳಲ್ಲಿ ಮಾತ್ರ ಇನ್ನೂ "ನನಗ ಆರಾಮಾತು, ನೀನೂ ಇದನ್ನ ತಗೋ" ಅಂತ ಗುಳಿಗೆ ಹಂಚೋದು ನಿಂತಿಲ್ಲ. ಅವರ ಲಿವರ್, ಅವರ ಕಿಡ್ನಿ, ಅವರ ತೂಕ ನಿಮ್ಮದಲ್ಲ.

ಮನೆಯ ಹಿರಿಯರನ್ನು ಕರ್ಕೊಂಡು ಹೋದಾಗ ನಾಚಬ್ಯಾಡ್ರಿ. ತೂಕ ಮಾಡಿಸ್ರಿ, ವಯಸ್ಸು ಸರಿಯಾಗಿ ಹೇಳ್ರಿ, ಮೊದಲಿನ ಗುಳಿಗೆ ಚೀಟಿ ತೋರಿಸ್ರಿ. ಡೋಸ್ ಡಾಕ್ಟರೇ ಹೇಳಲಿ. ಲೆಕ್ಕಕ್ಕೆ ಬೇಕಾದ ಅಂಕಿ ಕೊಡೋದು ನಮ್ಮ ಕೆಲಸ.

#ಇತಿಹಾಸದಪುಟ #ಲಕ್ಷ್ಮೇಶ್ವರ #ಗದಗ #ಬಿಕಾಂಮಂದಿ