ಮೂತ್ರ ಸೋರಿಕೆ: ಜೀವನ ಗುಣಮಟ್ಟದ ಮಾಪನ

ಹಿಡಿತ ತಪ್ಪಿ ಮೂತ್ರ ಸೋರುವ ತೊಂದರೆ ರೋಗಿಯ ದಿನನಿತ್ಯದ ಬದುಕನ್ನು ಎಷ್ಟರಮಟ್ಟಿಗೆ ಕೆಡಿಸಿದೆ ಎಂಬುದನ್ನು ಪ್ರಶ್ನಾವಳಿಗಳ ಮೂಲಕ ಅಳೆಯುವ ವಿಧಾನ. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಸೋರುವುದು ಒಂದು ಬಗೆ. ಅವಸರವಾಗಿ ಶೌಚಾಲಯ ಮುಟ್ಟುವಷ್ಟರಲ್ಲೇ ಆಗಿಬಿಡುವುದು ಇನ್ನೊಂದು. ಎರಡೂ ಕೂಡಿರುವುದೂ ಉಂಟು.

ಸೋರಿದ್ದನ್ನು ತೂಗುವುದು ಸುಲಭ. ಒಣ ಪ್ಯಾಡನ್ನು ತೂಗಿ, ಅದನ್ನು ಧರಿಸಿದವರಿಂದ ಮೆಟ್ಟಿಲು ಹತ್ತಿಸಿ, ಕೆಮ್ಮಿಸಿ, ಒಂದು ಗಂಟೆಯ ಮೇಲೆ ಮತ್ತೆ ತೂಗಿದರೆ ಗ್ರಾಂ ಲೆಕ್ಕ ಸಿಗುತ್ತದೆ. ಆದರೆ ಆ ಲೆಕ್ಕಕ್ಕೂ ಸಂಕಟಕ್ಕೂ ತಾಳೆಯಾಗಲೇಬೇಕೆಂದಿಲ್ಲ. ನಾಲ್ಕು ಹನಿಗೇ ಹೆದರಿ ಮದುವೆಮನೆಗೆ ಹೋಗುವುದನ್ನು, ಬಸ್ ಹತ್ತುವ ಮುಂಚೆ ನೀರು ಕುಡಿಯುವುದನ್ನು ಬಿಟ್ಟವರಿದ್ದಾರೆ. ದಿನಕ್ಕೆ ಹಲವು ಪ್ಯಾಡ್ ಬದಲಿಸುತ್ತಲೇ ಎಲ್ಲ ಕೆಲಸ ನಿಭಾಯಿಸುವವರೂ ಇದ್ದಾರೆ. ಆದ್ದರಿಂದ ರೋಗಿಯನ್ನೇ ಕೇಳಬೇಕು.

ಎಲ್ಲ ಕಾಯಿಲೆಗಳಿಗೂ ಬಳಸುವ ಎಸ್ಎಫ್-36ರಂಥ ಪ್ರಶ್ನಾವಳಿ ಈ ಕೆಲಸಕ್ಕೆ ಒರಟಾಯಿತು. ಹಾಗಾಗಿ 1994ರಲ್ಲಿ ಅಮೆರಿಕದಲ್ಲಿ ಮಹಿಳೆಯರಿಗಾಗಿ, ಮೂತ್ರ ಸೋರಿಕೆಗೆಂದೇ 30 ಪ್ರಶ್ನೆಗಳ ಐಐಕ್ಯೂ ಎಂಬ ಪ್ರಶ್ನಾವಳಿ ಬಂತು. ಮರುವರ್ಷವೇ ಅದನ್ನು 7ಕ್ಕೆ ಇಳಿಸಿದರು. ಐ-ಕ್ಯೂಒಎಲ್ ಪ್ರಶ್ನಾವಳಿ 1996ರದು. 1997ರಲ್ಲಿ ಪ್ರಕಟವಾದ ಲಂಡನ್ನಿನ ಕಿಂಗ್ಸ್ ಪ್ರಶ್ನಾವಳಿ ನಿದ್ರೆ, ಮನಸ್ಸು, ದಾಂಪತ್ಯಗಳ ಬಗೆಗೂ ಕೇಳುತ್ತದೆ. ಇಲ್ಲೊಂದು ಎಡವಟ್ಟಿದೆ: ಐ-ಕ್ಯೂಒಎಲ್, ಕಿಂಗ್ಸ್ ಎರಡರಲ್ಲೂ ಅಂಕಗಳು 0ರಿಂದ 100ರವರೆಗೆ, ಆದರೆ ಕಿಂಗ್ಸ್‌ನಲ್ಲಿ ಅಂಕ ಏರಿದಷ್ಟೂ ಬಾಳು ಕೆಟ್ಟಿದೆ ಎಂದರ್ಥ, ಐ-ಕ್ಯೂಒಎಲ್‌ನಲ್ಲಿ ಸುಧಾರಿಸಿದೆ ಎಂದರ್ಥ.

ಹೊರರೋಗಿ ವಿಭಾಗದ ಗಡಿಬಿಡಿಗೆ ಹೊಂದುವುದು 2004ರಲ್ಲಿ ಪ್ರಕಟವಾದ ಐಸಿಐಕ್ಯೂ-ಯುಐ ಕಿರುರೂಪ. ಇದನ್ನು ಗಂಡಸರಿಗೂ ಹೆಂಗಸರಿಗೂ ಬಳಸುತ್ತಾರೆ. ಕಳೆದ ನಾಲ್ಕು ವಾರಗಳಲ್ಲಿ ಎಷ್ಟು ಸಲ ಸೋರಿತು (0–5), ಎಷ್ಟು ಸೋರಿತು (0, 2, 4, 6), ಬದುಕಿಗೆ ಎಷ್ಟು ಅಡ್ಡಿಯಾಯಿತು (0–10) ಎಂಬ ಮೂರಕ್ಕೆ ಮಾತ್ರ ಅಂಕ, ಒಟ್ಟು 21. ಯಾವಾಗ ಸೋರುತ್ತದೆ ಎಂಬ ನಾಲ್ಕನೆಯ ಪ್ರಶ್ನೆಗೆ ಅಂಕವಿಲ್ಲ, ಅದು ಬಗೆಯನ್ನು ಊಹಿಸಲು. ದಿನಕ್ಕೊಮ್ಮೆ (3) ಸ್ವಲ್ಪವೇ (2) ಸೋರಿದರೂ ಅಡ್ಡಿಗೆ 8 ಕೊಟ್ಟವರ ಮೊತ್ತ 13. ದಿನಕ್ಕೆ ಹಲವು ಸಲ (4) ಸಾಧಾರಣ ಪ್ರಮಾಣದಲ್ಲಿ (4) ಸೋರಿಯೂ 2 ಕೊಟ್ಟವರದು 10. ರೂಢಿಯ ವಿಂಗಡಣೆಯಲ್ಲಿ 6–12 ಮಧ್ಯಮ, 13–18 ತೀವ್ರ; ಹಾಗಾಗಿ ಕಡಿಮೆ ಸೋರುವವರೇ ತೀವ್ರದ ಸಾಲಿಗೆ ಸೇರುತ್ತಾರೆ. ಒಟ್ಟು ಮೊತ್ತವನ್ನಷ್ಟೇ ಕೇಸ್ ಶೀಟಿನಲ್ಲಿ ಬರೆದಿಟ್ಟರೆ ಈ ಸಂಗತಿ ಕಣ್ಮರೆಯಾಗುತ್ತದೆ. ಮೂರೂ ಅಂಕಗಳನ್ನು ಬಿಡಿಬಿಡಿಯಾಗಿ ದಾಖಲಿಸುವುದೇ ಲೇಸು.

ಶ್ರೋಣಿ ಸ್ನಾಯುಗಳ ವ್ಯಾಯಾಮಕ್ಕೋ ಶಸ್ತ್ರಕ್ರಿಯೆಗೋ ಮೊದಲು ಮತ್ತು ನಂತರ ಒಂದೇ ಪ್ರಶ್ನಾವಳಿ ಕೊಟ್ಟು ಹೋಲಿಸುವುದು ವಾಡಿಕೆ. ಐಸಿಐಕ್ಯೂ ಕಿರುರೂಪದಲ್ಲಿ ಒಂದೆರಡು ಅಂಕ ಇಳಿದ ಮಾತ್ರಕ್ಕೆ ಗುಣ ಕಂಡಿತು ಎನ್ನಲಾಗದು. ರೋಗಿಗೆ ಅನುಭವಕ್ಕೆ ಬರುವಷ್ಟು ವ್ಯತ್ಯಾಸ ಬೇಕು. ಮಡಿ, ಪೂಜೆ, ನಮಾಜಿಗೆ ಬರುವ ಅಡ್ಡಿಯನ್ನು ಈ ಕಿರುರೂಪ ಬೇರೆಯಾಗಿ ಕೇಳುವುದಿಲ್ಲ. ಈ ಪ್ರಶ್ನಾವಳಿಗಳೆಲ್ಲ ರೋಗಿ ತಾನೇ ಓದಿ ತುಂಬಲೆಂದು ಮಾಡಿದವು. ಓದು ಬಾರದವರಿಗೆ ಬೇರೆಯವರು ಓದಿ ಹೇಳುವಾಗ ಮಗನೋ ಸೊಸೆಯೋ ಪಕ್ಕದಲ್ಲಿ ನಿಂತಿದ್ದರೆ, ಸಂಕೋಚದಿಂದ ಅಡ್ಡಿಯ ಅಂಕ ತಗ್ಗಬಹುದು.