ತೀರ್ಪಿಗೆ ಒಲ್ಲದ ಕಥನ: ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’

ಕಷ್ಟ ಉಂಡವರಿಗೆ ಪರರ ಕಷ್ಟ ತಿಳಿಯುತ್ತದೆ ಎಂದು ನಂಬುತ್ತೇವೆ. ಮಡಿಯ ಮನೆಗಳಲ್ಲಿ ಎಷ್ಟೋ ಸಲ ಆದದ್ದು ಬೇರೆ. ತಲೆ ಬೋಳಿಸಿಕೊಂಡ ಹಿರಿಯ ವಿಧವೆಯೇ ಕಿರಿಯ ವಿಧವೆಗೆ ಕಾವಲು ನಿಂತಳು. ತಾನು ಪಟ್ಟದ್ದನ್ನು ಇವಳೂ ಪಡಲಿ ಎಂಬುದೇ ಅಲ್ಲಿ ನ್ಯಾಯವಾಯಿತು. ಎಂ.ಕೆ. ಇಂದಿರಾ (1917–1994) ಅವರ ‘ಫಣಿಯಮ್ಮ’ (1976) ಈ ಸರಪಳಿಯನ್ನು ಎಲ್ಲಿ ಕಡಿಯುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ಕಾದಂಬರಿಯಲ್ಲಿ ಕಾಣುವ, ಇನ್ನೊಬ್ಬರನ್ನು ಅಳೆಯಲು ಹೋಗದ ಗುಣಕ್ಕೆ ನಾಯಕಿಯ ಸ್ವಭಾವ ಎಷ್ಟು ಕಾರಣವೋ, ಕಥೆ ಹೆಂಗಸರ ಬಾಯಿಂದ ಬಾಯಿಗೆ ಬಂದ ಬಗೆಯೂ ಅಷ್ಟೇ ಕಾರಣ ಎಂಬುದು ಇಲ್ಲಿನ ವಾದ.

ಕಥೆ ಬಂದ ದಾರಿ

ತೀರ್ಥಹಳ್ಳಿಯಲ್ಲಿ ಹುಟ್ಟಿದ ಇಂದಿರಾ ಅವರಿಗೆ ಹನ್ನೆರಡಕ್ಕೇ ಮದುವೆಯಾಯಿತು. ಮೊದಲ ಕಾದಂಬರಿ ‘ತುಂಗಭದ್ರಾ’ ಬೆಳಕು ಕಂಡದ್ದು 1963ರಲ್ಲಿ, ನಡುವಯಸ್ಸು ತಲುಪಿದ ಮೇಲೆ. ಕಾದಂಬರಿಯ ನಾಯಕಿ ಫಣಿಯಮ್ಮ, ಇಂದಿರಾ ಎಳವೆಯಲ್ಲಿ ಕಣ್ಣಾರೆ ಕಂಡಿದ್ದ, ಬಂಧುವಾದ ವೃದ್ಧೆ. ಅಜ್ಜಿ ತನ್ನ ಬಾಳನ್ನು ಇಂದಿರಾ ಅವರ ತಾಯಿಗೆ ಹೇಳಿದಳು, ತಾಯಿ ಮಗಳಿಗೆ ಹೇಳಿದರು. ಹೀಗೆ ಎರಡು ಬಾಯಿ ದಾಟಿ ಬಂದ ಕಥೆಯಲ್ಲಿ ಹೇಳುವವಳು ನ್ಯಾಯಾಧೀಶೆಯಾಗಿ ಕೂರುವುದು ಕಷ್ಟ. ಯಾರು ಏನು ಮಾಡಿದರು, ಮನೆ ಏನೆಂದಿತು ಎಂಬ ವಿವರ ಧಾರಾಳವಾಗಿ ಬರುತ್ತದೆ. ‘ಇದು ತಪ್ಪು’ ಎಂಬ ಷರಾ ವಿರಳ.

ಒಳಗಿದ್ದೂ ಹೊರಗೆ

ಒಂಬತ್ತರ ಪ್ರಾಯದಲ್ಲಿ ಮದುವೆಯಾದ ಫಣಿಯಮ್ಮನ ಗಂಡ ನಂಜುಂಡ ಹಾವು ಕಚ್ಚಿ ಸಾಯುತ್ತಾನೆ. ಹುಡುಗಿ ಮೈನೆರೆದ ಮೇಲೆ ಕೇಶಮುಂಡನ, ಆಮೇಲೆ ಬಿಳಿಸೀರೆ, ಒಪ್ಪತ್ತೂಟ. 1856ರ ವಿಧವಾ ಪುನರ್ವಿವಾಹ ಕಾಯಿದೆ ಬ್ರಿಟಿಷ್ ಇಂಡಿಯಾದ್ದು. ಮಲೆನಾಡಿನ ಅಗ್ರಹಾರಕ್ಕೆ ಅದರ ಗಾಳಿಯೂ ಸೋಕಲಿಲ್ಲ. ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹ ತಡೆಯಲು ತಂದ ನಿಬಂಧನೆ ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಹದಿನಾಲ್ಕು ತುಂಬದವರನ್ನು ಐವತ್ತು ದಾಟಿದ ಗಂಡಸರಿಗೆ ಕೊಡುವುದನ್ನೂ ಮಾತ್ರ ತಡೆಯುತ್ತಿತ್ತು. ಅಂದರೆ ಆ ನಿಬಂಧನೆ ಬಂದ ಮೇಲೆ ಹುಟ್ಟಿದ್ದರೂ ಫಣಿಯ ಮದುವೆ ಕಾನೂನುಬದ್ಧವೇ ಆಗುತ್ತಿತ್ತು.

ವಿಧವೆಯ ಈ ಹೊರಗುಳಿಕೆ ವಿಚಿತ್ರವಾದದ್ದು. ಶುಭಕಾರ್ಯಕ್ಕೆ ಎದುರು ಬರಬಾರದವಳು ಅದೇ ಶುಭಕಾರ್ಯದ ಅಡುಗೆಗೆ ಬೇಕೇ ಬೇಕು. ಬಸಿರು ಕಾಣದವಳಿಗೆ ಬಾಣಂತನದ ಹೊಣೆ. ಈ ವಿರೋಧ ಹರಳುಗಟ್ಟುವುದು ದಲಿತ ಹೆಂಗಸೊಬ್ಬಳ ಹೆರಿಗೆಯ ಪ್ರಸಂಗದಲ್ಲಿ. ಮಗು ಸಿಕ್ಕಿಕೊಂಡಾಗ ಬೇಕಾಗುವುದು ಸಣ್ಣ ಕೈ. ಫಣಿಯಮ್ಮನದು ಅಂಥ ಕೈ. ಮುಟ್ಟಬಾರದೆಂದು ಜೀವಮಾನವಿಡೀ ಕಲಿತ ಕೈ ಅಲ್ಲಿ ಮುಟ್ಟುತ್ತದೆ. ಇಂದಿರಾ ಇದನ್ನು ಕ್ರಾಂತಿಯೆಂದು ಸಾರುವುದಿಲ್ಲ, ಆಗಬೇಕಾಗಿದ್ದ ಕೆಲಸವೆಂಬಂತೆ ಹೇಳುತ್ತಾರೆ.

ದಾಕ್ಷಾಯಿಣಿ

ಕಾದಂಬರಿಯ ನಿಜವಾದ ಪರೀಕ್ಷೆ ದಾಕ್ಷಾಯಿಣಿಯದು. ಮುಂಡನಕ್ಕೆ ಒಪ್ಪದ ಈ ಎಳೆಯ ವಿಧವೆ ಮುಂದೆ ಬಸುರಿಯೂ ಆಗುತ್ತಾಳೆ. ಊರು ಬಾಯಿಗೆ ಬಂದಂತೆ ಆಡುವಾಗ ಫಣಿಯಮ್ಮ ಹುಡುಗಿಯ ಪರ ನಿಲ್ಲುತ್ತಾಳೆ. ತನ್ನ ವ್ರತವನ್ನು ತಾನು ಬಿಡುವುದಿಲ್ಲ, ಅದನ್ನು ಅಳತೆಗೋಲು ಮಾಡಿ ಇನ್ನೊಬ್ಬಳ ಮೇಲೆ ಇಡುವುದೂ ಇಲ್ಲ. ‘ಸಂಸ್ಕಾರ’ ಕಾದಂಬರಿಯ (1965) ಪ್ರಾಣೇಶಾಚಾರ್ಯರು, ಆಚಾರ ಮುರಿದ ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂಬುದಕ್ಕೆ ಗ್ರಂಥಗಳಲ್ಲಿ ಉತ್ತರ ಹುಡುಕಿ ಸೋಲುತ್ತಾರೆ. ಫಣಿಯಮ್ಮ ಗ್ರಂಥ ತೆರೆಯುವವಳಲ್ಲ. ಅವಳ ಪ್ರಮಾಣ ಕಂಡುಂಡ ಬಾಳು.

ಒಂದು ಆಕ್ಷೇಪ

ನಾಯಕಿಯನ್ನು ಇಷ್ಟು ನಿಷ್ಕಾಮಳಾಗಿ ಚಿತ್ರಿಸಿದ್ದರಿಂದ ಅನ್ಯಾಯವೇ ತಪಸ್ಸಿನಂತೆ ಕಾಣುವುದಿಲ್ಲವೇ? ಆಕ್ಷೇಪಕ್ಕೆ ಹುರುಳಿದೆ. ದೇಹದ ಬಗ್ಗೆ ಫಣಿಯಮ್ಮನಿಗಿರುವ ಹೇವರಿಕೆಯನ್ನು ಕಾದಂಬರಿ ಹೆಚ್ಚು ಪ್ರಶ್ನಿಸುವುದಿಲ್ಲ. ಆದರೆ ಅವಳ ಪಕ್ಕದಲ್ಲೇ ದಾಕ್ಷಾಯಿಣಿ ಇದ್ದಾಳೆ. ಸಹಿಸಿದವಳು ಸಿಡಿದವಳನ್ನು ಅನುಮೋದಿಸಿದಾಗ ಸಹನೆ ಆದರ್ಶದ ಪೀಠದಿಂದ ಇಳಿಯುತ್ತದೆ. ಕಾದಂಬರಿಯನ್ನು ಆಧರಿಸಿದ 1983ರ ಪ್ರೇಮಾ ಕಾರಂತರ ಸಿನಿಮಾಕ್ಕೂ ಈ ಜೋಡಿಯೇ ಬೆನ್ನೆಲುಬು.

ದಾಸಿಯ ಮಗಳು ಸಂಸಾರದ ಆಸೆಪಡುವ ‘ಗೆಜ್ಜೆಪೂಜೆ’ ಕಾದಂಬರಿಯಲ್ಲೂ ಇಂದಿರಾ ಹೊಸ್ತಿಲಾಚೆ ನಿಂತವಳನ್ನೇ ನೋಡಿದ್ದರು. ಅಲ್ಲಿ ಸಮಾಜದ ತೀರ್ಪಿಗೆ ಎದುರು ದನಿ ದುರ್ಬಲ. ‘ಫಣಿಯಮ್ಮ’ದಲ್ಲಿ ಆ ದನಿ ಮನೆಯೊಳಗಿಂದಲೇ, ಕಟ್ಟಳೆಯನ್ನು ಚಾಚೂತಪ್ಪದೆ ಪಾಲಿಸಿದವಳಿಂದಲೇ ಬರುವುದರಿಂದ ತಳ್ಳಿಹಾಕಲು ಊರಿಗೆ ನೆಪ ಉಳಿಯುವುದಿಲ್ಲ. ವ್ಯಕ್ತಿಗಳ ಮೇಲೆ ತೀರ್ಪು ಕೊಡಲು ಒಲ್ಲದ ಕಾದಂಬರಿ ಕಟ್ಟಳೆಯನ್ನು ಮಾತ್ರ ವಿಚಾರಣೆಗೆ ನಿಲ್ಲಿಸುವುದು ಹೀಗೆ: ಅದಕ್ಕೆ ಪೂರ್ತಿ ಬೆಲೆ ತೆತ್ತವಳನ್ನೇ ಸಾಕ್ಷಿಯಾಗಿ ಕರೆದು.